ಗುರವ್ವನ ಅಳವಿ ಉಂಡಿ

ಕನ್ನೊಳ್ಳಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಪೈಲವಾನ ಮಾಳಿಂಗಪ್ಪನ ಮನೆಯ ಬಾಗಿಲು ಹಾಕಿದ್ದರೆ ಯಾರೂ ತಟ್ಟುವುದಿಲ್ಲ. ಪೈಲವಾನ ಮಲಗಿದ್ದಾನೆ ಅಂತ ಊರಿಗೆಲ್ಲ ಗೊತ್ತು. ವಯಸ್ಸು ಅರವತ್ತು ದಾಟಿದೆ, ಕುಸ್ತಿ ಬಿಟ್ಟು ಇಪ್ಪತ್ತೈದು ವರ್ಷವಾಗಿದೆ, ಆದರೂ ಎದೆ ಇನ್ನೂ ಬಾಗಿಲಗಲ, ಮೀಸೆ ಎರಡೂ ಕಡೆ ಮೇಲಕ್ಕೆ. ಅಂಥವನ ನಿದ್ದೆ ಕೆಡಿಸುವ ಧೈರ್ಯ ಯಾರಿಗಿದೆ ಹೇಳಿ? ಹೊರಗೆ ಕಟ್ಟೆಯ ಮೇಲೆ ಹೆಂಡತಿ ಗುರವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿರುತ್ತಾಳೆ. ಯಾರಾದರೂ ಹತ್ತಿರ ಬಂದರೆ "ಮಕ್ಕೊಂಡಾರ್ರಿ" ಅನ್ನುತ್ತಾಳೆ, ಬಂದವರು ಸದ್ದಿಲ್ಲದೆ ತಿರುಗಿ ಹೋಗುತ್ತಾರೆ.

ಖರೇ ಹೇಳಬೇಕೆಂದರೆ ಪೈಲವಾನ ಮೂವತ್ತು ವರ್ಷದಿಂದ ಮಧ್ಯಾಹ್ನ ಮಲಗಿದ್ದೇ ಕಡಿಮೆ. ಒಳಗೆ ಅವನು ದೋತರ ಮೇಲೆ ಕಟ್ಟಿ, ಒಲೆಯ ಮುಂದೆ ಕೂತು, ಬಾಣಂತಿಯರಿಗೆ ಅಳವಿ ಉಂಡಿ ಕಟ್ಟುತ್ತಿರುತ್ತಾನೆ!

ಅಳವಿ ಗೊತ್ತಲ್ಲ? ಎಳ್ಳಿಗಿಂತ ಸಣ್ಣ, ಇಟ್ಟಿಗೆ ಬಣ್ಣದ ಬೀಜ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರೆ ನಾಲಿಗೆ ಚುರ್ ಅನ್ನುತ್ತದೆ. ನೀರಲ್ಲಿ ನೆನೆಹಾಕಿದರೆ ಗಳಿಗೆಯಲ್ಲಿ ಉಬ್ಬಿ ಲೋಳೆಯಾಗುತ್ತದೆ. ಹಡೆದವಳ ಸೊಂಟ ಗಟ್ಟಿಯಾಗಬೇಕು, ಮೈಗೆ ರಕ್ತ ತುಂಬಬೇಕು, ಕೂಸಿಗೆ ಹಾಲು ಸಾಲಬೇಕು ಅಂದರೆ ಈ ಕಡೆಯವರಿಗೆ ಮೊದಲು ನೆನಪಾಗುವುದು ಅಳವಿ. ಮೈನೆರೆದ ಹುಡುಗಿಯರಿಗೂ ಕೊಡುತ್ತಾರೆ. ಹಾಲಿನಲ್ಲಿ ಕುದಿಸಿ ಪಾಯಸ ಮಾಡುತ್ತಾರೆ, ಅರೆದು ನೋಯುವ ಮೊಣಕಾಲಿಗೆ ಹಚ್ಚುತ್ತಾರೆ. ಆದರೆ ಉಂಡಿ ಅಂತ ಬಂದರೆ ಸುತ್ತ ಹತ್ತೂರಿಗೆ ಗುರವ್ವನ ಉಂಡಿಯೇ ಆಗಬೇಕು. ಕೂಸು ಹುಟ್ಟಿದ ಮನೆಯವರು ಸ್ಟೀಲ್ ಡಬ್ಬಿಯಲ್ಲಿ ಅಳವಿ, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ತುಪ್ಪ ತಂದು ಗುರವ್ವನ ಕೈಗೆ ಕೊಡುತ್ತಾರೆ. ಎರಡು ದಿನ ಬಿಟ್ಟು ಬಂದು ಉಂಡಿ ತುಂಬಿದ ಡಬ್ಬಿ ಒಯ್ಯುತ್ತಾರೆ. "ಏನ್ ಕೈಗುಣ ಗುರವ್ವ ನಿಂದು!" ಅನ್ನುತ್ತಾರೆ. ಬಾಗಿಲ ಹಿಂದೆ ನಿಂತು ಅದನ್ನು ಕೇಳಿದಾಗೆಲ್ಲ ಪೈಲವಾನನಿಗೆ ಒಳಗೊಳಗೇ ಹಿಗ್ಗು, ಅದರ ಬೆನ್ನಿಗೇ ಹೊಟ್ಟೆ ಉರಿ. ಕೈ ನನ್ನದು, ಹೆಸರು ಇವಳದು!

ಇದೆಲ್ಲ ಶುರುವಾಗಿದ್ದು ಮೊದಲ ಮಗ ಹುಟ್ಟಿದಾಗ. ಗುರವ್ವನಿಗೆ ತವರಲ್ಲಿ ತಾಯಿ ಇರಲಿಲ್ಲ, ಮಾಳಿಂಗಪ್ಪನ ತಾಯಿ ಹಾಸಿಗೆ ಹಿಡಿದಿದ್ದಳು. ಬಾಣಂತನ ಮಾಡುವ ಹೆಂಗಸೇ ಇಲ್ಲದ ಮನೆ. ಪಕ್ಕದ ಮನೆಯ ಶಕೀಲವ್ವ ಗೋಡೆಯಾಚೆಯಿಂದ ಅಳವಿ ಹೆಂಗ ಹುರಿಯಬೇಕು, ಪಾಕ ಹೆಂಗ ತೆಗೆಯಬೇಕು ಅಂತ ಒಂದೇ ಉಸಿರಿಗೆ ಹೇಳಿ, ತನ್ನ ಮಗಳೂ ಹಡೆದಿದ್ದಾಳೆಂದು ಆಲಮೇಲದ ಬಸ್ಸು ಹತ್ತಿ ಹೋಗಿಬಿಟ್ಟಳು. ಪೈಲವಾನ ಬಾಗಿಲು ಹಾಕಿಕೊಂಡ. ಎದುರಾಳಿಯನ್ನು ಕಣ್ಣು ಮಿಟುಕಿಸುವುದರೊಳಗೆ ಚಿತ್ ಮಾಡುತ್ತಿದ್ದವನು ಆ ಸಣ್ಣ ಬೀಜದ ಮುಂದೆ ಬೆವತು ನೀರಾದ. ಬಿಸಿ ಪಾಕ ತಾಗಿ ಬೆರಳೆಲ್ಲ ಬೊಕ್ಕೆ ಎದ್ದವು. ಅಂತೂ ಇಂತೂ ನಲವತ್ತು ಉಂಡಿ ಕಟ್ಟಿ, ಒಂದನ್ನು ತಾಟಲ್ಲಿಟ್ಟು ಗುರವ್ವನ ಮುಂದೆ ಹಿಡಿದ. ಅವಳು ಒಂದು ತುತ್ತು ಅಗಿದು, ಕಣ್ಣಲ್ಲಿ ನೀರು ತುಂಬಿಕೊಂಡು "ಬಾಳ ಚಲೋ ಆಗ್ಯಾವ" ಅಂದಳು. ಆ ಒಂದು ಮಾತು ಅವನಿಗೆ ಗೆದ್ದ ಎಲ್ಲ ಕುಸ್ತಿಗಿಂತ ದೊಡ್ಡದಾಯಿತು. ದಿನಕ್ಕೊಂದರಂತೆ ನಲವತ್ತು ದಿನ ತಿಂದಳು, ಒಂದನ್ನೂ ಉಳಿಸಲಿಲ್ಲ.

ನೋಡಲು ಬಂದ ಹೆಂಗಸರು ಯಾರು ಮಾಡಿದ್ದು ಅಂತ ಕೇಳಿದಾಗ ಗುರವ್ವ "ಹಡ್ಯೂಕಿನ್ನ ಮೊದಲ ನಾನ ಮಾಡಿಟ್ಟಿದ್ದೆ" ಅಂದುಬಿಟ್ಟಳು. ಇಲ್ಲದಿದ್ದರೆ ಗರಡಿಮನೆಯಲ್ಲಿ ಅವನ ಗತಿ ಏನಾಗುತ್ತಿತ್ತು! ಬಾಣಂತಿ ಉಂಡಿ ಕಟ್ಟುವ ಪೈಲವಾನ ಅಂದರೆ ಮಣ್ಣು ಮುಕ್ಕಿಸುವ ಮೊದಲೇ ಎದುರಾಳಿ ನಕ್ಕು ನಕ್ಕು ಬಿದ್ದಿರುತ್ತಿದ್ದ. ಎರಡನೆಯ ಕೂಸಿನ ಹೊತ್ತಿಗೆ ಶಕೀಲವ್ವ ತಾನಾಗಿಯೇ ಬಂದು ಒಲೆ ಹತ್ತಿರ ಕೂತು, "ಉರಿ ಸಣ್ಣ ಇಡೋ ತಮ್ಮಾ, ಕಾಳಿನ ಸದ್ದಿಗೆ ಕಿವಿ ಕೊಡು" ಅಂದು ತಿದ್ದಿದಳು. ಆ ಸಲದ ಉಂಡಿ ತಿಂದವರು ಇನ್ನೊಂದು ಕೇಳಿದರು. ಅಲ್ಲಿಂದ ಡಬ್ಬಿಗಳು ಬರತೊಡಗಿದವು. ಶಕೀಲವ್ವ ತನ್ನ ಸ್ವಂತ ಮಗ ನಬಿಲಾಲನಿಗೂ ಈ ಗುಟ್ಟು ಬಿಟ್ಟುಕೊಡಲಿಲ್ಲ. ನಬಿಲಾಲ ಅಂದರೆ ಮಾಳಿಂಗಪ್ಪನ ಕುಸ್ತಿಯ ಜೋಡಿ, ಮೊಣಕಾಲಿಗೆ ಹಚ್ಚಿಕೊಳ್ಳುವ ಅಳವಿ ಕೂಡ ಗುರವ್ವ ಅರೆದದ್ದು ಅಂತ ನಂಬಿಕೊಂಡ ಮನುಷ್ಯ.

ಇನ್ನೊಂದು ಮಾತು. ಮೂವತ್ತು ವರ್ಷ ಕಟ್ಟಿದರೂ ಮಾಳಿಂಗಪ್ಪ ಒಂದು ಉಂಡಿಯನ್ನೂ ಬಾಯಿಗಿಟ್ಟವನಲ್ಲ. ಅದು ಹೆಂಗಸರದು, ಗಂಡಸು ತಿನ್ನಬಾರದು ಅಂತ ಅವನ ಹಟ. ವಾಸನೆಯಲ್ಲಿ ನೋಡುತ್ತಿದ್ದ, ಕಿವಿಯಲ್ಲಿ ನೋಡುತ್ತಿದ್ದ, ಅಂಗೈಯಲ್ಲಿ ನೋಡುತ್ತಿದ್ದ, ನಾಲಿಗೆಯಲ್ಲಿ ಮಾತ್ರ ನೋಡುತ್ತಿರಲಿಲ್ಲ.

ಹೀಗಿರುವಾಗ ಕಳೆದ ವರ್ಷ ಒಂದು ಬೆಳಿಗ್ಗೆ ನರ್ಸ್ ಸಾಕ್ಷಿ ಸ್ಕೂಟಿ ನಿಲ್ಲಿಸಿ ಒಳಗೆ ಬಂದಳು. ತಾನು ಹಡೆದಾಗ ಇದೇ ಉಂಡಿ ತಿಂದು ಎದ್ದು ಓಡಾಡಿದ ಹುಡುಗಿ.

"ದೊಡ್ಡವ್ವಾ, ಬರೂ ಮಂಗಳವಾರ ಸಿಂದಗಿಯೊಳಗ ಹೆಣ್ಮಕ್ಕಳ ಆಹಾರದ ಕಾರ್ಯಕ್ರಮ ಐತಿ. ನೀವು ಅಲ್ಲೇ ಒಲಿ ಹಚ್ಚಿ, ಎಲ್ಲಾರ ಮುಂದ ಉಂಡಿ ಮಾಡಿ ತೋರಸಬೇಕು."

"ಮಾಡಿದ್ದ ತಂದ್ರ ನಡಿಯೂದಿಲ್ಲೇನವಾ?" ಗುರವ್ವನ ಧ್ವನಿ ಇಳಿಯಿತು.

"ಇಲ್ರಿ, ನೋಡಿ ಕಲೀಬೇಕಲ್ಲ ಅವರು. ಬ್ಯಾನರ್ ಸೈತ ಮಾಡಿಸೇವಿ." ಫೋನು ತೆಗೆದು ತೋರಿಸಿದಳು. ಬ್ಯಾನರಿನ ತುಂಬ ಗುರವ್ವನ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ "ಗುರವ್ವನ ಅಳವಿ ಉಂಡಿ."

ಸ್ಕೂಟಿ ಹೋದ ಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಗುರವ್ವನ ಜೋಳದ ರೊಟ್ಟಿ ತಿಂದವರು ಮರೆಯುವುದಿಲ್ಲ, ಆದರೆ ಅಳವಿಯನ್ನು ಅವಳು ಜನ್ಮದಲ್ಲಿ ಹುರಿದವಳಲ್ಲ. ತಾಲೂಕಿನ ಹೆಂಗಸರೆಲ್ಲ ನೋಡುತ್ತಿರುವಾಗ ಕೆಟ್ಟರೆ? ಇಷ್ಟು ವರ್ಷ ಸುಳ್ಳು ಹೇಳಿದವಳು ಅನ್ನಿಸಿಕೊಳ್ಳುವವಳು ಅವಳು. ನಿಜ ಹೇಳಿದರೆ ಮೀಸೆ ಬೋಳಿಸಿಕೊಳ್ಳಬೇಕಾದವನು ಅವನು.

"ನಾಕ ದಿನ ಐತಿ. ತಾಲೀಮು ಮಾಡೂಣು" ಅಂದ ಪೈಲವಾನ.

ಶುರುವಾಯಿತು ನೋಡಿ ತಾಲೀಮು! ಅವನು ಒಲೆಯ ಮುಂದೆ ಉಸ್ತಾದನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು, ಅವಳು ಬಾಣಲೆಯ ಮುಂದೆ ಕೂತು ಊರ ಸುದ್ದಿ ಶುರು ಮಾಡುವುದು.

"ಮಾತ ಸಾಕು! ಕಿವಿ ಕೊಡ! ಚಟ್ ಚಟ್ ಅಂತೈತಿ, ಕೇಳ್ಸವಲ್ದೇನ?"

"ಕಾಳು ಮಾತಾಡೂದ ಕೇಳಾಕ ನನಗೇನ್ ಹುಚ್ಚ ಹಿಡದೈತೇನ್ರಿ?"

"ಇಳಸ! ಇಳಸ! ಹೋತು, ಕರಕಲಾತು!"

ಮೂರು ಸಲ ಸುಟ್ಟಳು. ನಾಲ್ಕನೆಯ ಸಲ ಹದವಾಗಿ ಹುರಿದು, ಪಾಕವನ್ನು ಕಲ್ಲು ಮಾಡಿದಳು. ಬೈದರೆ ನಗುತ್ತಾಳೆ, ನಕ್ಕರೆ ಇನ್ನೂ ಸುಡುತ್ತದೆ. ಕೊನೆಗೆ ಪೈಲವಾನ ಒಂದು ಡಾವು ಹುಡುಕಿದ. ತಾನು ಜನರ ಹಿಂದೆ ನಿಂತಿರುತ್ತೇನೆ, ಎಡಮೀಸೆ ತಿರುವಿದರೆ ಉರಿ ಸಣ್ಣ ಮಾಡು, ಬಲಮೀಸೆ ತಿರುವಿದರೆ ಇಳಿಸು. ಗುರವ್ವ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಅವನು ಮಾತ್ರ ಕನ್ನಡಿಯ ಮುಂದೆ ನಿಂತು ಎರಡೂ ಮೀಸೆ ತಿರುವಿ ನೋಡಿಕೊಂಡ.

ಮಂಗಳವಾರ ಸಿಂದಗಿಯ ಸಭಾಭವನ ಹೆಂಗಸರಿಂದ ಗಿಜಿಗಿಜಿ. ಮುಂದಿನ ಸಾಲಿನಲ್ಲಿ ಹಲ್ಲಿಲ್ಲದ ಬಾಯಿ ತುಂಬ ನಗುತ್ತ ಶಕೀಲವ್ವ. ಸಾಕ್ಷಿ ಮೈಕು ಹಿಡಿದು ಹೇಳತೊಡಗಿದಳು: ಅಳವಿಯಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ, ರಕ್ತ ಕಡಿಮೆ ಇದ್ದವರು ತಿನ್ನಬಹುದು, ಊಟದಲ್ಲಿ ಲಿಂಬೆಹಣ್ಣು ಇದ್ದರೆ ಅದು ಮೈಗೆ ಹತ್ತುತ್ತದೆ. ಹಿತಮಿತವಾಗಿ ತಿನ್ನಬೇಕು, ದಿನಕ್ಕೊಂದು ಉಂಡಿ ಸಾಕು. ಬಸುರಿಯರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು, ಹಿಂದಿನವರೂ ಅದಕ್ಕೇ ಹಡೆದ ಮೇಲೆ ಕೊಡುತ್ತಿದ್ದರು. ಉಂಡಿ ತಿಂದೆವೆಂದು ಆಸ್ಪತ್ರೆಯ ಗುಳಿಗೆ ಬಿಡಬಾರದು. ಆಮೇಲೆ "ಈಗ ನಮ್ಮ ಗುರವ್ವ ದೊಡ್ಡವ್ವ" ಅಂದಳು, ಚಪ್ಪಾಳೆಯೋ ಚಪ್ಪಾಳೆ.

ಮಾಳಿಂಗಪ್ಪ ಹಿಂದಿನ ಗೋಡೆಗೆ ಆತು ನಿಂತಿದ್ದ. ಗುರವ್ವ ಗ್ಯಾಸು ಹಚ್ಚಿದಳು, ಅಳವಿ ಸುರಿದಳು, ಕಣ್ಣೆತ್ತಿ ಅವನನ್ನು ನೋಡಿದಳು. ಅವನು ಎಡಮೀಸೆಗೆ ಕೈ ಎತ್ತಿದ. ಅಷ್ಟರಲ್ಲಿ, ಯಾವ ಗಳಿಗೆಯಲ್ಲಿ ಬಂದನೋ, ತಾಯಿಯನ್ನು ಕರೆತಂದಿದ್ದ ನಬಿಲಾಲ ಅವನ ಎರಡೂ ಕೈ ಹಿಡಿದುಕೊಂಡ.

"ಏ ಮಾಳ್ಯಾ! ಹೆಣ್ಮಕ್ಕಳ ಕಾರ್ಯಕ್ರಮದಾಗ ನಿಂದೇನೋ ಕೆಲಸ? ಬಾ, ಹೊರಗ ಚಹಾ ಕುಡಿಯೂಣು."

"ಕೈ ಬಿಡೋ ಮಾರಾಯ!"

"ಬಿಡಸ್ಕೋ ನೋಡೂಣು! ಇಂಡಿ ಜಾತ್ರಿ ಕುಸ್ತಿಯೊಳಗ ಹಿಂಗ ಹಿಡಿದಿದ್ನಲ್ಲ, ನೆನಪೈತಿಲ್ಲೊ?"

ಇಂಡಿ ಕುಸ್ತಿಯಂತೆ! ಅಲ್ಲಿ ಬಾಣಲೆಯಿಂದ ಚಟ್ ಚಟ್ ಸದ್ದು ಶುರುವಾಗಿದೆ, ಇಲ್ಲಿ ಇವನು ಹಳೆಯ ಪಟ್ಟು ಬಿಡುತ್ತಿಲ್ಲ. ಸದ್ದು ಜೋರಾಯಿತು. ಮಾಳಿಂಗಪ್ಪನ ಮೂಗಿಗೆ ಸೀದ ವಾಸನೆ ಬಡಿಯಿತು. ವೇದಿಕೆಯ ಮೇಲೆ ಗುರವ್ವನ ಕಣ್ಣು ಅವನ ಮೀಸೆಯನ್ನು ಹುಡುಕಿ ಹುಡುಕಿ ಸೋಲುತ್ತಿತ್ತು. ಅವಳ ಮುಖ ಬಾಡಿದ್ದು ಅವನಿಗೆ ಅಷ್ಟು ದೂರದಿಂದಲೂ ಕಂಡಿತು. ಅಷ್ಟೇ, ಮೀಸೆ ಗೀಸೆ ಎಲ್ಲ ಮರೆತೇಹೋಯಿತು.

"ಉರಿ ಸಣ್ಣ ಮಾಡಽ!"

ಗರಡಿಮನೆಯ ಧ್ವನಿ. ಸಭೆಗೆ ಸಭೆಯೇ ಬೆಚ್ಚಿ ತಿರುಗಿತು. ಪೈಲವಾನ ನಬಿಲಾಲನ ಹಿಡಿತವನ್ನು ಒಂದೇ ಏಟಿಗೆ ಕೊಡವಿ ಬಿಡಿಸಿಕೊಂಡು, ಹೆಂಗಸರ ಸಾಲು ದಾಟಿ, ವೇದಿಕೆ ಹತ್ತಿ, ಬಾಣಲೆ ಇಳಿಸಿದ. ಅಳವಿ ಕರ್ರಗಾಗಿತ್ತು. ಅವನ ಕೈಯಲ್ಲಿ ಸೌಟು ಇತ್ತು, ಮುಂದೆ ಮುನ್ನೂರು ಕಣ್ಣು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಗುರವ್ವ ಎದ್ದಳು. ಮೈಕು ತಾನೇ ಇಸಿದುಕೊಂಡಳು.

"ಎವ್ವಾ, ಕೇಳ್ರಿ. ನಾ ಇಲ್ಲೀತನಾ ಒಂದ್ ಉಂಡಿನೂ ಕಟ್ಟಿಲ್ಲ. ನಿಮ್ಮ ಮನಿಗೆ ಬಂದಾವಲ್ಲ, ಅವೆಲ್ಲಾ ಇವರು ಕಟ್ಟಿದ್ವು. ನಾ ಬರೇ ಬಾಗಲ ಕಾದೇನಿ. ಸುಳ್ಳು ಹೇಳಿದಾಕಿ ನಾನು, ಬೈಯೂದಿದ್ರ ನನಗ ಬೈರಿ."

ಹಿಂದಿನಿಂದ ನಬಿಲಾಲ "ಯಾ ಅಲ್ಲಾ! ನನ್ನ ಮೊಣಕಾಲಿಂದೂ ಇವನ ಅರದದ್ದೇನು?" ಅಂದ. ಶಕೀಲವ್ವ ಮೊದಲು ನಕ್ಕಳು, ಆಮೇಲೆ ಸಭೆಯೇ ನಕ್ಕಿತು. ಆದರೆ ಆ ನಗೆಯಲ್ಲಿ ಮಾಳಿಂಗಪ್ಪ ಹೆದರಿದ್ದ ಚುಚ್ಚು ಇರಲಿಲ್ಲ. ಒಬ್ಬಳು ಎದ್ದು "ಕಾಕಾ, ಬೆಲ್ಲ ಎಷ್ಟ್ ಹಾಕ್ತೀರಿ?" ಅಂತ ಕೇಳಿದಳು. ಇನ್ನೊಬ್ಬಳು "ನಮ್ಮ ಮನಿಯಾವರನ್ನ ನಾಳೆ ನಿಮ್ಮಲ್ಲಿ ಕಲಿಯಾಕ ಕಳಸ್ತೇನಿ" ಅಂದಳು. ಸಾಕ್ಷಿ ಅಂತೂ ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, ಹೊಸ ಬಾಣಲೆ ತಂದು ಅವನ ಮುಂದಿಟ್ಟಳು.

ಪೈಲವಾನ ದೋತರ ಮೇಲೆ ಕಟ್ಟಿ ಕೂತ. ಕಾಳು ಮಾತಾಡತೊಡಗಿದ ಮೇಲೆ ಅವನಿಗೆ ಜನರ ನೆನಪೇ ಉಳಿಯಲಿಲ್ಲ. ಹುರಿದ, ಪಾಕ ತೆಗೆದ, ತುಪ್ಪ ಹಚ್ಚಿದ ಆ ದಪ್ಪ ಅಂಗೈಯಲ್ಲಿ ಒಂದರ ಹಿಂದೊಂದು ಉಂಡಿ ಕಟ್ಟಿದ. ಹೆಂಗಸರು ಮುಗಿಬಿದ್ದು ತಿಂದರು. ಹೊಟ್ಟೆ ಉರಿ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಗದ್ದಲ ತಗ್ಗಿದಾಗ ಪಕ್ಕಕ್ಕೆ ತಿರುಗಿದರೆ ಗುರವ್ವ ತಾನು ಸುಟ್ಟ ಅಳವಿಗೂ ಬೆಲ್ಲ ಕಲೆಸಿ ಉಂಡಿ ಕಟ್ಟುತ್ತ ಕೂತಿದ್ದಳು. ಕರ್ರನೆಯ, ಸೊಟ್ಟ ಸೊಟ್ಟ ಹತ್ತು ಉಂಡಿ. ಒಂದನ್ನು ತೆಗೆದು ಅವನ ಬಾಯಿಗೆ ಹಿಡಿದಳು.

"ಏ, ನಾ ತಿನ್ನೂದಿಲ್ಲ."

"ಇವತ್ತ ತಿನ್ನಬೇಕು."

ತಿಂದ. ಅಗಿದ ಕೂಡಲೇ ಅವನ ಮುಖ ಕಿವುಚಿತು. "ಥೂ! ಕಹಿ ವಿಷ ಆಗೇತಲ್ಲ ಇದು!"

"ದೊಡ್ಡಾವ ಹುಟ್ಟಿದಾಗ ನೀವು ಮಾಡಿದ್ದು ಹಿಂಗ ಇತ್ತು ನೋಡ್ರಿ."

"ಸುಳ್ಳ. ಬಾಳ ಚಲೋ ಆಗ್ಯಾವ ಅಂದಿದ್ದಿ ನೀ."

"ಅಂದಿದ್ದೆ."

"ನಲವತ್ತು ದಿನ ತಿಂದಿ!"

"ತಿಂದೆ. ತಾಟ ಹಿಡಕೊಂಡ ಬಂದಾಗ ನಿಮ್ಮ ಬೆರಳೆಲ್ಲಾ ಬೊಕ್ಕಿ ಎದ್ದಿದ್ವು. ಹೆಂಗ ಬಿಡ್ಲಿ?"

ಅವನು ಶಕೀಲವ್ವನ ಕಡೆ ನೋಡಿದ. ಮುದುಕಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಎರಡ್ನೇ ಕೂಸಿನಾಗ ನನ್ನ ಕಳಿಸಿದಾಕಿ ಅಕೀನ ತಮ್ಮಾ. ಅವರಿಗೆ ಗೊತ್ತಾಗಬಾರದು, ಹಂಗ ತಿದ್ದಿ ಬಾ ಅಂದಿದ್ಲು" ಅಂದಳು.

ಮಾಳಿಂಗಪ್ಪ ಬಾಯಲ್ಲಿದ್ದುದನ್ನು ಉಗುಳಲಿಲ್ಲ. ನಿಧಾನ ಅಗಿದು ನುಂಗಿದ. ಆಮೇಲೆ ಹೆಗಲ ಮೇಲಿನ ಟವೆಲು ಹಾಸಿ, ಉಳಿದ ಒಂಬತ್ತೂ ಕರಕಲು ಉಂಡಿಗಳನ್ನು ಒಂದೊಂದಾಗಿ ಅದರಲ್ಲಿಟ್ಟು ಗಂಟು ಕಟ್ಟಿದ. ಯಾರೋ ಹುಡುಗಿ ಒಂದಕ್ಕೆ ಕೈ ಚಾಚಿದಾಗ "ಇವು ನನಗವಾ" ಅಂದ.

ಮರುದಿನದಿಂದ ಪೈಲವಾನನ ಮನೆಯ ಬಾಗಿಲು ಮಧ್ಯಾಹ್ನವೂ ತೆರೆದೇ ಇತ್ತು. ಕಟ್ಟೆಯ ಮೇಲೆ ಹೆಂಡತಿಯ ಪಕ್ಕ ಕೂತು, ಊರೆಲ್ಲ ನೋಡುತ್ತಿರುವಾಗ, ಅವನು ದಿನಕ್ಕೊಂದು ಕರಕಲು ಉಂಡಿ ತಿಂದ. ಒಂಬತ್ತು ದಿನವೂ ಗುರವ್ವ ಹೆಂಗೈತ್ರಿ ಅಂತ ಕೇಳಿದಳು, ಒಂಬತ್ತು ದಿನವೂ ಅವನು ಬಾಳ ಚಲೋ ಆಗೇತಿ ಅಂದ.