ಕುದುರೆ ಕಚ್ಚಿದ ಮೊಣಕೈ

ಬರೆಯುವುದಿಲ್ಲವೆಂದು ಮಾತು ಕೊಟ್ಟು, ಆ ಮನುಷ್ಯ ಬಾಗಿಲು ದಾಟುವಷ್ಟರಲ್ಲೇ ಬರೆದೆ. ಬರೆದದ್ದು ಸುಳ್ಳಲ್ಲ, ನಿಜವನ್ನೇ. ಅದಕ್ಕೇ ಏನೋ, ಇದನ್ನು ತಪ್ಪೆಂದು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಹಿಡಿಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಬಂದು ಒಂದು ಖಾಸಗಿ ಆಸ್ಪತ್ರೆಯ ರೆಕಾರ್ಡ್ ಸೆಕ್ಷನ್ನಿನಲ್ಲಿ ಕೂರುತ್ತಿದ್ದೆ. ಡಾಕ್ಟರು ಬರೆದ ಕಾಯಿಲೆಗೆ ದಪ್ಪ ಪುಸ್ತಕವೊಂದನ್ನು ನೋಡಿ ಸರಿಯಾದ ಕೋಡ್ ನಂಬರು ಹಾಕುವುದು, ಆಮೇಲೆ ವರದಿ ಟೈಪು ಮಾಡುವುದು ನನ್ನ ಕೆಲಸ. ಉಳಿದವರಿಗೆ ಅದು ಬೇಸರ, ನನಗೆ ಹುಚ್ಚು. ಮೊಣಕೈಯ ತೆರೆದ ಗಾಯ ಎಂದರೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಬರೀ ಚರ್ಮ ಹರಿದಿದೆಯೇ, ಒಳಗೆ ಕಲ್ಲೋ ಗಾಜೋ ಉಳಿದಿದೆಯೇ, ಕೀವು ಕಟ್ಟಿದೆಯೇ, ಒಂದೊಂದನ್ನೂ ನೋಡಿ ನಂಬರು ಹಾಕಬೇಕು. ಗಾಯ ಹೇಗಾಯಿತು ಎನ್ನುವುದಕ್ಕೆ ಇನ್ನೊಂದು ನಂಬರು. ಈ ಇನ್ನೊಂದರ ಮೇಲೆ ನನಗೆ ವಿಪರೀತ ಆಸೆ. ಒಂದು ಕೈ ಹೇಗೆಲ್ಲ ಹರಿಯಬಹುದು ಎಂದು ಯಾರೋ ಎಲ್ಲೋ ಕೂತು ಮೊದಲೇ ಯೋಚಿಸಿಟ್ಟಿದ್ದರಲ್ಲ!

ನಂಜಪ್ಪನವರು ಅಮೃತೂರಿನ ಕಡೆಯವರು. ಕುಣಿಗಲ್ ಹತ್ತಿರ ಸಾಹುಕಾರರೊಬ್ಬರ ಕುದುರೆ ಲಾಯದಲ್ಲಿ ಕೆಲಸ. ಮೊಣಕೈಗೆ ಟವಲು ಸುತ್ತಿಕೊಂಡು ಬಂದವರು, ಸೈಕಲ್ಲಿನಿಂದ ಬಿದ್ದೆ ಎಂದರು. ಡಾಕ್ಟರು ತೊಳೆಸಿ, ಹೊಲಿಗೆ ಹಾಕಿ, ಹಾಗೆಯೇ ಬರೆದರು. ಬಾಗಿಲಲ್ಲಿ ನಿಂತು ಇಣುಕಿದ್ದ ನನಗೆ ಮಾತ್ರ ಅನುಮಾನ. ಮೊಣಕೈಯ ಎರಡೂ ಬದಿಗೆ ಅರ್ಧ ಚಂದ್ರನ ಹಾಗೆ ಕಪ್ಪುಗಟ್ಟಿತ್ತು. ಡಾಕ್ಟರಿಗೆ ಕಾಣಲಿಲ್ಲವೋ, ಕಂಡೂ ಕೇಳಲಿಲ್ಲವೋ...

ಲಾಯದ ಮ್ಯಾನೇಜರಿಗೆ ವರದಿ ಬೇಕೆಂದು ಅವರು ನನ್ನ ಕೋಣೆಯ ಬೆಂಚಿನ ಮೇಲೆ ಕಾಯುತ್ತಿದ್ದರು.

"ಸೈಕಲ್ಲಿಂದ ಬಿದ್ರೆ ಎರಡೂ ಕಡೆ ಗಾಯ ಆಗುತ್ತಾ ಅಣ್ಣಾ?" ಎಂದೆ, ನಗುತ್ತಾ.

ಅವರು ಮುಖ ಆ ಕಡೆ ತಿರುಗಿಸಿದರು. ನಾನು ಬಿಡಲಿಲ್ಲ. "ಬರೆಯಲ್ಲ, ಯಾರಿಗೂ ಹೇಳೋದೂ ಇಲ್ಲ. ನಂಗೆ ತಿಳ್ಕೋಬೇಕು ಅಷ್ಟೇ."

"ನಮ್ ಕುದ್ರೆ ಗೌರಿ ಕಚ್ತು ಕಣವ್ವ," ಎಂದರು ಕೊನೆಗೆ. "ಅದ್ರ ತಪ್ಪಲ್ಲ. ಅದ್ರ ಮರಿ ಸತ್ತೋಗಿತ್ತು. ಎತ್ಕಂಡೋಗಾನ ಅಂತ ಮರೀಗೆ ಕೈ ಹಾಕ್ದೆ, ಬಾಯಿ ಹಾಕ್ಬುಡ್ತು. ಮೊದ್ಲೇ ಒಂದ್ಸಲ ಇನ್ನೊಬ್ಬನ್ನ ಕಚ್ಚೈತೆ. ಮತ್ತೆ ಕಚ್ಚಿದ್ರೆ ಸಾಗಹಾಕ್ತೀನಿ ಅಂದವ್ರೆ ಸಾವ್ಕಾರ್ರು. ಬರೀಬ್ಯಾಡ ಕಣವ್ವ."

"ಇಲ್ಲಣ್ಣ, ಬರೆಯಲ್ಲ."

ಮಾತ್ರೆ ತರಲು ಅವರು ಎದ್ದು ಹೋದರು. ನಾನು ಪುಸ್ತಕ ತೆರೆದೆ. ಪ್ರಾಣಿ ಕಚ್ಚಿದ್ದಕ್ಕೆ ಒಂದು ನಂಬರು ಇತ್ತು. ಅಷ್ಟು ದಿನಗಳಲ್ಲಿ ಕುದುರೆಗಾಗಿ ಅದನ್ನು ಬಳಸುವ ಅವಕಾಶ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಕೈ ತಾನಾಗಿ ಹೋಯಿತು ಎನ್ನಲಾರೆ, ನಾನೇ ಟೈಪು ಮಾಡಿದೆ. ಕುದುರೆ ಕಚ್ಚಿ ಆದ ಗಾಯ. ರಾಶಿ ಕಾಗದಗಳ ನಡುವೆ ಡಾಕ್ಟರು ಓದದೆ ಸಹಿ ಹಾಕಿದರು. ಲಕೋಟೆಗೆ ಅಂಟು ಹಚ್ಚಿ ನಂಜಪ್ಪನವರ ಒಳ್ಳೆಯ ಕೈಗೇ ಕೊಟ್ಟೆ. ಅವರು ಎದೆಯ ಜೇಬಿಗೆ ಜೋಪಾನವಾಗಿ ಇಟ್ಟುಕೊಂಡು, "ಬತ್ತೀನಿ ಕಣವ್ವ" ಎಂದು ಹೋದರು. ನನಗೆ ಅವತ್ತೆಲ್ಲ ಒಂದು ಬಗೆಯ ಹಿಗ್ಗು!

ಕೆಲವು ದಿನಗಳ ಮೇಲೆ ಅವರು ಜ್ವರದಿಂದ ನಡುಗುತ್ತಾ ವಾಪಸು ಬಂದರು. ಕೈ ಬಾತಿತ್ತು. ಈ ಸಲ ಕುದುರೆಯ ವಿಷಯ ಅವರೇ ಡಾಕ್ಟರಿಗೆ ಹೇಳಿದರು. ಡಾಕ್ಟರು ಹೊಲಿಗೆ ಬಿಚ್ಚುತ್ತಾ ಬೈದರು: "ಕಚ್ಚಿದ್ದು ಅಂತ ಮೊದಲೇ ಹೇಳಿದ್ರೆ ನಾನು ಹೊಲಿಗೇನೇ ಹಾಕ್ತಿರ್ಲಿಲ್ಲ ಕಣಯ್ಯ!"

ಆಗ ನನಗೆ ಹೊಳೆಯಿತು. ಆ ನಿಜ ಬೇಕಾಗಿದ್ದದ್ದು ಡಾಕ್ಟರ ಕಿವಿಗೆ. ಪಕ್ಕದ ಕೋಣೆಗೆ ಹೋಗಿ ಗುಟ್ಟಾಗಿ ಒಂದು ಮಾತು ಹೇಳಿದ್ದರೆ ಕೈಯೂ ಉಳಿಯುತ್ತಿತ್ತು, ಗೌರಿಯ ಗುಟ್ಟೂ ಉಳಿಯುತ್ತಿತ್ತು. ಹೇಳಬೇಕಾದಲ್ಲಿ ಹೇಳದೆ, ಹೇಳಬಾರದ ಕಡೆಗೆ ಟೈಪು ಮಾಡಿ ಕಳಿಸಿದ್ದೆ.

ಬ್ಯಾಂಡೇಜು ಕಟ್ಟಿಸಿಕೊಂಡು ಬಂದು ನಂಜಪ್ಪನವರು ನನ್ನ ಮೇಜಿನ ಮುಂದೆ ನಿಂತರು. "ಕಾಗ್ದ ಓದಿದ್ದೇ ತಡ, ಮ್ಯಾನೇಜ್ರು ಲಾರಿ ತರಿಸ್ಬುಟ್ರು. ಗೌರಿ ಹತ್ತಾಕಿಲ್ಲ ಅಂತ ಮೊಂಡಾಟ ಮಾಡ್ತು. ನಾನೇ ಮುಂದೆ ನಿಂತು ಕರ್ದೆ. ನಾನು ಕರ್ದೆ ಅಂತ ಹತ್ತುಬುಡ್ತು." ಟವಲಿನಿಂದ ಮುಖ ಒರೆಸಿಕೊಂಡು, "ಗಾಯ ತೊಳ್ದ ಕಾಂಪೌಂಡ್ರು ಹಲ್ಲಿನ ಗುರ್ತು ನೋಡಿ, ನಾನು ಮಾತ್ರೆಗೋದಾಗ ಹೇಳಿ ಬರ್ಸಿರ್ಬೇಕು. ನೀನು ಹೇಳಿರಾಕಿಲ್ಲ ಬುಡವ್ವ, ನಂಗೊತ್ತು," ಎಂದರು.

ನಾನೇ ಎನ್ನಬೇಕಿತ್ತು. ಇನ್ನೊಂದು ಹಾಳೆಯನ್ನು ಟೈಪ್‌ರೈಟರಿಗೆ ಸೇರಿಸಿದೆ. ಆಮೇಲೆ ಬಂದಾಗೆಲ್ಲ ಅವರು ಆ ಪಾಪದ ಕಾಂಪೌಂಡರನ್ನು ಮಾತಾಡಿಸುತ್ತಿರಲಿಲ್ಲ. ಅದನ್ನೂ ನೋಡುತ್ತಾ ಕೂತಿದ್ದೆ.

ಆ ದಶಕ ಮುಗಿಯುವ ಹೊತ್ತಿಗೆ, ತಡೆಯಲಾರದೆ ಒಂದು ಭಾನುವಾರ ಅಮೃತೂರಿನ ಬಸ್ಸು ಹತ್ತಿದೆ. ನಂಜಪ್ಪನವರು ಲಾಯ ಬಿಟ್ಟು ಯಾರದೋ ತೋಟದಲ್ಲಿ ನೀರು ಕಟ್ಟುತ್ತಿದ್ದರು. ಬಲಗೈ ಪೂರಾ ಮಡಚುತ್ತಿರಲಿಲ್ಲ. ಎಡಗೈಯಲ್ಲೇ ಗುದ್ದಲಿ ಎಳೆಯುತ್ತಿದ್ದರು. ಗುರುತು ಹಿಡಿದು ಎಳನೀರು ಕೆತ್ತಿಸಲು ಹೊರಟರು. ನಾನು ಬೇಡವೆಂದು, ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ.

ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಎಡಗೈಯಲ್ಲೇ ಮಣ್ಣೆಳೆದು ಕಾಲುವೆಯ ನೀರನ್ನು ಮುಂದಿನ ಪಾತಿಗೆ ತಿರುಗಿಸಿ, ಒಂದೇ ಒಂದು ಮಾತು ಕೇಳಿದರು: "ಹಂಗಾರೆ ನಿಂಗೆ ಗೊತ್ತಿರ್ಬೇಕಲ್ಲವ್ವ. ಗೌರೀನ ಎಲ್ಲಿಗೆ ಕಳಿಸಿದ್ರು?"

ಒಂದು ಗಾಯದ ಬಗ್ಗೆ ಏನೆಲ್ಲ ಕೇಳಬಹುದೋ ಅಷ್ಟನ್ನೂ ಕೇಳಿ ತಿಳಿದುಕೊಂಡಿದ್ದವಳು ನಾನು. ಅದನ್ನೊಂದು ಮಾತ್ರ ಯಾರನ್ನೂ ಕೇಳಿರಲಿಲ್ಲ.