ಹೇಳಿದ್ದನ್ನು ತಿರುಗಿ ಹೇಳುವವಳು

ಊರಾಚೆಯ ವಿದ್ಯುತ್ ಉಪಕೇಂದ್ರದಲ್ಲಿ ಅವಳ ಕೆಲಸ, ಸೇವೆಗೆ ಸೇರಿ ಹತ್ತೊಂಬತ್ತು ವರ್ಷ. ಲೈನ್‌ಮನ್‌ಗಳೆಲ್ಲ ಅವಳನ್ನು ಅಕ್ಕ ಎನ್ನುತ್ತಾರೆ, ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಕೂಡ. ಕೆಲಸವೆಂದರೆ ಒಂದು ಫೋನು, ಒಂದು ಸಾಲು ಸ್ವಿಚ್ಚು. ಯಾವುದೋ ಕಂಬದ ಬುಡದಿಂದ ಲೈನ್‌ಮನ್ ಫೋನು ಮಾಡಿ ಇಂಥ ಲೈನು ಬಂದ್ ಮಾಡಿ ಎನ್ನುತ್ತಾನೆ. ಅವಳು ಅವನ ಮಾತನ್ನು ಅಕ್ಷರ ಬಿಡದೆ ತಿರುಗಿ ಹೇಳುತ್ತಾಳೆ. ಆ ಕಡೆಯಿಂದ ‘ಸರಿ’ ಎಂದು ಬರುವತನಕ ಅವಳ ಕೈ ಸ್ವಿಚ್ಚಿನ ಹತ್ತಿರ ಸುಳಿಯುವುದಿಲ್ಲ. ಏಳರ ಬದಲು ಎಂಟನೇ ಲೈನು ಬಂದ್ ಮಾಡಿದರೆ ಏಳರ ಕಂಬ ಹತ್ತಿದವನು ಹೆಣವಾಗಿ ಇಳಿಯುತ್ತಾನೆ.

ಈ ಅಭ್ಯಾಸ ಕೆಲಸದ ಜಾಗದಲ್ಲೇ ಉಳಿಯಲಿಲ್ಲ, ಮನೆಗೂ ಹಿಂಬಾಲಿಸಿ ಬಂತು. ಗಂಡ “ಒಂದು ಲೋಟ ನೀರು ಕೊಡೇ” ಎಂದರೆ, “ಒಂದು ಲೋಟ ನೀರು” ಎಂದು ನಿಂತುಬಿಡುತ್ತಾಳೆ.

“ಸರಿ ತಾಯಿ, ಸರಿ! ನೀರಿಗೂ ಅಪ್ಪಣೆ ಬೇಕಾ ನಿಂಗೆ?”

ಗಂಡ ಪುಸ್ತಕ ಬೈಂಡ್ ಮಾಡುವವನು. ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಅಂಟು, ತುಟಿಯಲ್ಲಿ ಯಾವಾಗಲೂ ಒಂದು ನಗೆಮಾತು.

ಹೀಗಿರುವಾಗ ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಇನ್ನು ಮೇಲೆ ಎಲ್ಲ ಕೇಂದ್ರಗಳಿಗೂ ಒಂದೇ ನಿಯಂತ್ರಣ ಕೊಠಡಿ. ಅದರೊಂದಿಗೆ ಮಾತೆಲ್ಲ ಇಂಗ್ಲಿಷಿನಲ್ಲಿ. ಫೋನಿನ ಮುಂದೆ ಕೂರುವವರು ಮೂವರು ಅಧಿಕಾರಿಗಳ ಎದುರು ನಿಂತು ಹತ್ತು ನಿಮಿಷ ಭಾಷಣ ಮಾಡಬೇಕು, ಪ್ರಶ್ನೆಗಳಿಗೆ ಉತ್ತರಿಸಬೇಕು. ನಪಾಸಾದವರಿಗೆ ಇನ್ನೊಂದು ಊರಿನ ಮೀಟರ್ ಗೋದಾಮು. ಅಲ್ಲಿಗೆ ರೈಲಿನಲ್ಲಿ ಒಂದು ಹಗಲಿನ ದಾರಿ.

ಸುತ್ತೋಲೆಯನ್ನು ಅವಳು ಎರಡು ಸಲ ಓದಿ ಮಡಿಸಿಟ್ಟಳು. ಹಿಂದೆ ಎಂಟು ವರ್ಷ ಅವಳು ಬೇರೆ ಊರಿನ ಕೇಂದ್ರದಲ್ಲಿದ್ದಳು. ಗಂಡ, ಮಗಳು ಇಲ್ಲಿ. ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ಅವಳು ಫೋನಿನಲ್ಲಿ ಕೇಳಿದ್ದಳು. ಅರ್ಜಿಯ ಮೇಲೆ ಅರ್ಜಿ ಬರೆದು ವಾಪಸು ಬಂದಾಗ ಮಗಳಿಗೆ ಒಂಬತ್ತು. ಜಡೆ ಹಾಕಿಸಿಕೊಳ್ಳಲು ಆ ಮಗು ಅಪ್ಪನ ಮುಂದೆಯೇ ಹೋಗಿ ಕೂರುತ್ತಿತ್ತು. ತಾನಾಗಿ ಅಮ್ಮನ ಕಡೆ ಬೆನ್ನು ತಿರುಗಿಸಿ ಕೂರಲು ಒಂದು ವರ್ಷ ಹಿಡಿಯಿತು.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಇಂಗ್ಲಿಷ್ ತರಗತಿ ನಡೆಯುತ್ತಿತ್ತು. ಕೆಲಸ ಮುಗಿಸಿ ಮೂರು ತಿಂಗಳು ಅಲ್ಲಿಗೆ ಮೆಟ್ಟಿಲು ಹತ್ತಿದಳು. ಕಲಿಸುವ ಹುಡುಗಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಕ್ಕಿಲ್ಲ. ಕನ್ನಡಿಯ ಮುಂದೆ ನಿಲ್ಲಿಸಿ, “ಬಾಯಿ ಇನ್ನೂ ದೊಡ್ಡದಾಗಿ ತೆಗೀಬೇಕು ಆಂಟಿ, ನಾಚ್ಕೋಬೇಡಿ” ಎನ್ನುತ್ತಿದ್ದಳು. ನಾಚಿಕೆಯಲ್ಲ, ಆಕಳಿಕೆ ಎಂದು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಕನ್ನಡಿಯೊಳಗಿನ ಹೆಂಗಸಿನ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಒಂದೊಂದು ಶಬ್ದಕ್ಕೂ ತುಟಿ ದುಂಡಗೆ ಮಾಡಿ, ನಾಲಿಗೆ ಹೊರಳಿಸಿ, ಮತ್ತೆ ಮೊದಲಿಂದ.

ಮಧ್ಯಾಹ್ನ ಫೋನು ಸುಮ್ಮನಿರುವ ಹೊತ್ತಿನಲ್ಲಿ ಪಕ್ಕದ ಬ್ಯಾಟರಿ ಕೋಣೆಗೆ ಹೋಗಿ ಭಾಷಣ ಒಪ್ಪಿಸುವಳು. ಆಸಿಡ್ಡಿನ ಹುಳಿ ವಾಸನೆ, ಸಾಲು ಸಾಲು ಬ್ಯಾಟರಿ. ಅದಕ್ಕಿಂತ ಸಮಾಧಾನದಿಂದ ಕೇಳುವ ಸಭೆ ಇನ್ನೊಂದಿಲ್ಲ. ಒಂದು ದಿನ ಮುದುಕ ಲೈನ್‌ಮನ್ ಬಾಗಿಲಲ್ಲಿ ಇಣುಕಿದ.

“ಏನಕ್ಕಾ, ಬ್ಯಾಟರಿ ಜೊತೆ ಜಗಳಾನಾ?”

“ಅವಕ್ಕೆ ಇಂಗ್ಲಿಷ್ ಕಲಿಸ್ತಿದೀನಿ ಕಣಪ್ಪ.”

“ಕಲಿಸಿ, ಕಲಿಸಿ. ನಿಮಗಿಂತ ಮುಂಚೆ ಅವೇ ಪಾಸಾಗ್ತಾವೆ.”

ಮನೆಯಲ್ಲಿ ಮಗಳು ಹೋಂವರ್ಕ್ ಬರೆಯುತ್ತಲೇ ಕೇಳಿಸಿಕೊಳ್ಳುವಳು. “ಅಮ್ಮಾ, ಇಷ್ಟು ನಿಧಾನಕ್ಕೆ ಯಾರೂ ಮಾತಾಡಲ್ಲ.”

“ನಾನು ಆಡ್ತೀನಲ್ಲೇ.”

ಮಗಳು ಪುಟ ತಿರುಗಿಸಿ, ತಲೆಯೆತ್ತದೆ ಕೇಳಿದಳು. “ಫೇಲಾದ್ರೆ ಮತ್ತೆ ಹೋಗ್ತೀಯಾ?”

“ಫೇಲಾದ್ರೆ ಮತ್ತೆ ಹೋಗ್ಬೇಕು” ಎಂದಳು ಅವಳು. ಸರಿ ಎಂದು ಯಾರೂ ಹೇಳಲಿಲ್ಲ.

ಪರೀಕ್ಷೆಯ ದಿನ ಭಾಷಣ ನಾಲ್ಕು ನಿಮಿಷ ಸರಾಗವಾಗಿ ಹರಿಯಿತು. ಐದನೆಯದಕ್ಕೆ ನಿಂತಿತು. ಮುಂದಿನ ಸಾಲು ಎಲ್ಲೋ ಇತ್ತು, ಕೈಗೆ ಸಿಗಲಿಲ್ಲ. ಮೇಜಿನಾಚೆಯ ಮೂವರಲ್ಲಿ ನಡುವೆ ಕೂತಿದ್ದ ನರೆತ ತಲೆಯ ಹಿರಿಯ ಅಧಿಕಾರಿ, ಇರಲಿ ಎನ್ನುವಂತೆ ಕೈಯಾಡಿಸಿ, ಇಂಗ್ಲಿಷಿನಲ್ಲೇ ಮೊದಲ ಪ್ರಶ್ನೆ ಕೇಳಿದರು: ಒಂದೇ ಸಲ ಎರಡು ಕಡೆಯಿಂದ ಫೋನು ಬಂದರೆ ಏನು ಮಾಡುತ್ತೀರಿ?

ಅವಳು ಆ ಪ್ರಶ್ನೆಯನ್ನು ಅಕ್ಷರ ಬಿಡದೆ ತಿರುಗಿ ಹೇಳಿ ಸುಮ್ಮನೆ ನಿಂತಳು.

ಅವರು ಕಾದರು. ಅವಳೂ ಕಾದಳು. ಗೋಡೆಯ ಫ್ಯಾನು ಒಂದು ಸಲ ಆ ಕಡೆ ಹೋಗಿ ಈ ಕಡೆ ಬಂತು.

“ಪ್ರಶ್ನೆ ನಮಗೆ ಗೊತ್ತಮ್ಮ. ಉತ್ತರ ಹೇಳಿ” ಎಂದರು ಹಿರಿಯರು, ಇಂಗ್ಲಿಷಿನಲ್ಲಿ.

ಅದನ್ನೂ ತಿರುಗಿ ಹೇಳಿಬಿಟ್ಟಳು. ಬಲಗಡೆಯ ಅಧಿಕಾರಿ ಕಿಸಕ್ಕನೆ ನಕ್ಕು ಪೆನ್ನು ಕೆಳಗಿಟ್ಟ. ಆಗಲೇ ಅವಳಿಗೆ ತಾನು ಮಾಡುತ್ತಿರುವುದೇನೆಂದು ತಿಳಿದದ್ದು. ಕಿವಿ ಕಾದ ಹೆಂಚಾಯಿತು. ಮೂರು ತಿಂಗಳ ಸಂಜೆಗಳು ಕಣ್ಣೆದುರೇ ನೀರಲ್ಲಿ ಹೋಮವಾಗುತ್ತಿದ್ದವು. ಇನ್ನು ಹೋಗುವ ಮರ್ಯಾದೆಯೇನೂ ಉಳಿದಿಲ್ಲವೆನ್ನಿಸಿ, ಬಂದ ಹಾಗೆ ಇಂಗ್ಲಿಷಿನಲ್ಲೇ ಮಾತಾಡಿದಳು. ನೀವು ಸರಿ ಎನ್ನಬೇಕು ಸರ್. ಅನ್ನದಿದ್ದರೆ ನಾನು ಮುಂದೆ ಹೋಗುವುದಿಲ್ಲ. ನನ್ನ ಕಂಬದ ಮೇಲೆ ಈವರೆಗೆ ಯಾರೂ ಸತ್ತಿಲ್ಲ. ಅಂಥ ಇಂಗ್ಲಿಷಿಗೆ ಆ ಟೀಚರ್ ಹುಡುಗಿ ತಲೆ ಚಚ್ಚಿಕೊಳ್ಳುತ್ತಿದ್ದಳು.

ನಕ್ಕವನು ಪೆನ್ನು ಎತ್ತಿಕೊಂಡ. ಹಿರಿಯರು ಅವಳನ್ನು ನೋಡಿ, “ಸರಿ” ಎಂದರು.

ಉತ್ತರ ಹೇಳಿದಳು. ಪ್ರತಿ ಪ್ರಶ್ನೆಗೂ ಅದೇ ಆಯಿತು: ಅವರು ಕೇಳುವುದು, ಅವಳು ತಿರುಗಿ ಹೇಳುವುದು, ಅವರು ಸರಿ ಎನ್ನುವುದು. ಕೊನೆಕೊನೆಗೆ ಹಿರಿಯರೇ ಪ್ರಶ್ನೆಗಳನ್ನು ಬಿಡಿಸಿ ಬಿಡಿಸಿ, ನಿಧಾನವಾಗಿ ಕೇಳತೊಡಗಿದ್ದರು.

ಹದಿನೈದು ದಿನಕ್ಕೆ ಪತ್ರ ಬಂತು. ಒಂದು ವರ್ಷ ಇದೇ ಕೇಂದ್ರದಲ್ಲಿ ಮುಂದುವರಿಯಬಹುದು. ಭಾಷಣದಲ್ಲಿ ಅಂಕ ಸಾಲದು, ಮುಂದಿನ ವರ್ಷ ಮತ್ತೆ ಪರೀಕ್ಷೆ. ಗಂಡ ಪತ್ರವನ್ನು ಅಂಟಿನ ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದು ಓದಿದ. “ಗೆದ್ದೆಯೋ ಸೋತೆಯೋ, ಏನೇ ಇದು?”

“ಇದೀನಲ್ಲ” ಎಂದಳು.

ಮಗಳು ಪತ್ರ ಕಸಿದುಕೊಂಡು ತಾನೂ ಓದಿದಳು. “ಒಂದು ವರ್ಷ ಅಂದ್ರೆ ಬೇಕಾದಷ್ಟಾಯ್ತು. ನಾಳೆಯಿಂದ ದಿನಾ ಅರ್ಧ ಗಂಟೆ ನನ್ನ ಜೊತೆ ಇಂಗ್ಲಿಷಲ್ಲೇ ಮಾತಾಡ್ಬೇಕು, ತಿಳೀತಾ?”

“ನಾಳೆ ಬೇಡ ಕಣೆ. ನಾಳೆ ನಂಗೆ ರಜ. ಏನೂ ಮಾತಾಡದೆ ಕೂತಿರೋಣ.”

ಮಗಳು ಅಮ್ಮನ ಮುಖ ನೋಡಿದಳು. ಮಂಚದ ಮೇಲಿದ್ದ ಪುಸ್ತಕಗಳನ್ನು ಬದಿಗೆ ಸರಿಸಿ ಅಮ್ಮನಿಗೆ ಜಾಗ ಮಾಡಿದಳು.