ನಾಲ್ಕನೇ ಸುತ್ತಿನಲ್ಲಿ ಬಾರದ ಮನೆ

ನಾಲ್ಕನೇ ಸುತ್ತಿಗೆ ಮನೆಗಳನ್ನು ಆರಿಸಿದ ದಿನ ನಮ್ಮ ಸಂಖ್ಯಾಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿದ್ದವರು ಮೂವರು: ನನ್ನ ಮಾರ್ಗದರ್ಶಕರು, ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದ ಶೈಲಾ, ಮತ್ತು ನಾನು. ಶಕುನ, ಸೂಚನೆ ಎಂದರೆ ನಗುವವರಲ್ಲಿ ನಾನೇ ಮುಂದು. ಆಕಸ್ಮಿಕಕ್ಕೆ ಅರ್ಥ ಹುಡುಕಬಾರದು ಎಂಬುದೇ ನಾವು ಕಲಿತ ಮೊದಲ ಪಾಠ.

ನನ್ನ ಸಂಶೋಧನೆ ತಂಬ್ರಹಳ್ಳಿ ಸುತ್ತಮುತ್ತಲಿನ ಕುರಿ ಸಾಕುವ ಮನೆಗಳ ಬಗ್ಗೆ. ಹಂಗಾಮಿಗೊಂದು ಸುತ್ತು ಸಮೀಕ್ಷೆ; ಪ್ರತಿ ಸುತ್ತಿಗೂ ಕಂಪ್ಯೂಟರ್ ಚೀಟಿ ಎತ್ತಿದಂತೆ ಹೊಸದಾಗಿ ಕೆಲವು ಮನೆಗಳನ್ನು ಆರಿಸುತ್ತಿತ್ತು. ಬಂದ ಮನೆಗೆ ಹೋಗಲೇಬೇಕು, ಬಾರದ ಮನೆಯನ್ನು ಸೇರಿಸಿಕೊಳ್ಳುವಂತಿಲ್ಲ.

ಮೊದಲ ಸುತ್ತಿನಲ್ಲಿ ಹಾಲಮ್ಮನ ಮನೆ ಬಂತು. ಅವಳ ಗಂಡ ಮೇವು ಹುಡುಕಿ ದೂರಕ್ಕೆ ಕುರಿ ಹೊಡೆದುಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಕುರಿಗಳನ್ನಷ್ಟೇ ಜೊತೆಗಾರರು ತಂದುಬಿಟ್ಟಿದ್ದರು. ಮನೆಯಲ್ಲಿ ಎಷ್ಟು ಜನ ಎಂದರೆ ಅತ್ತೆ, ತಾನು, ಅವನು ಎಂದು ಮೂವರನ್ನು ಹೇಳಿದಳು. ಎರಡನೇ ಸುತ್ತಿಗೂ ಅದೇ ಮನೆ. ಮೂರನೆಯದಕ್ಕೂ ಬಂದಾಗ ಮಾರ್ಗದರ್ಶಕರು ಪ್ರೋಗ್ರಾಮನ್ನು ಸಾಲುಸಾಲಾಗಿ ನೋಡಿದರು. ತಪ್ಪು ಸಿಗಲಿಲ್ಲ. ಹೀಗೂ ಆಗುತ್ತದೆ ಎಂದರು. ನಾನೂ ಹಾಗೇ ಅಂದುಕೊಂಡೆ.

ಮೂರನೇ ಸಲ ಬಾಗಿಲಲ್ಲಿ ನನ್ನನ್ನು ಕಂಡ ಅವಳ ಅತ್ತೆ, "ಯಪ್ಪಾ, ನಿಮ್ಮ ಕಂಪ್ಯೂಟ್ರಿಗೆ ಊರಾಗ ಬ್ಯಾರೆ ಮನೀನ ಕಾಣಂಗಿಲ್ಲೇನು?" ಎಂದು ಕೀಟಲೆ ಮಾಡಿದರು. ಹಾಲಮ್ಮ ನಗಲಿಲ್ಲ. ಮಂಡಕ್ಕಿ, ಚಹಾ ತಂದಿಟ್ಟು ಮೆಲ್ಲಗೆ ಹೇಳಿದಳು: "ನಮ್ಮ ಮನಿ ಬರಾಕತ್ತೈತಂದ್ರ ಆತ ಎಲ್ಲ್ಯಾರ ಅದಾನ ತಮ್ಮಾ." ಇದು ಲಾಟರಿ ಇದ್ದಂತೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದೆ. "ಆತು ಬಿಡು, ಚಾ ಕುಡಿ" ಎಂದಳು.

ನಾಲ್ಕನೇ ಸುತ್ತಿನಲ್ಲಿ ಆ ಮನೆ ಬರಲಿಲ್ಲ. ಪೀಡೆ ಕಳೆಯಿತು, ಇನ್ನಾದರೂ ಪ್ರಬಂಧ ಬರಿ ಎಂದು ಶೈಲಾ ಛೇಡಿಸಿದಳು. ನನಗೂ ಹಗುರವೇ ಆಯಿತು.

ಈ ಸಲ ಬಂದದ್ದು ಪಕ್ಕದ ಮನೆ. ಹಾಲಮ್ಮ ದೂರದಿಂದಲೇ ನನ್ನನ್ನು ಕಂಡು ಕಟ್ಟೆ ಒರೆಸಿ ಚಾಪೆ ಹಾಸಿದ್ದಳು. ನಾನು ದಾಟಿ ಮುಂದೆ ಹೋದೆ.

"ತಮ್ಮಾ, ನಮ್ಮ ಮನಿ ಬರಲಿಲ್ಲೇನು?"

ಇಲ್ಲ ಅಕ್ಕ ಎಂದೆ. ಅವಳು ಚಾಪೆ ಸುತ್ತಿಕೊಂಡು ಒಳಗೆ ಹೋದಳು.

ಓದುತ್ತಿರುವ ನೀವು ನಗಬಹುದು. ಸಾಧ್ಯತೆಯ ಲೆಕ್ಕ ನನಗೂ ಗೊತ್ತು, ಬೇಕಾದರೆ ಹಲಗೆಯ ಮೇಲೆ ಬಿಡಿಸಿ ತೋರಿಸುತ್ತೇನೆ. ಬಿಡಿಸಿದ ಮೇಲೂ ನನಗೆ ಸಮಾಧಾನವಿಲ್ಲ, ಅಷ್ಟೇ.

ಕೆಲವು ದಿನಗಳ ಮೇಲೆ ಸುದ್ದಿ ಬಂತು. ದೂರದ ಯಾವುದೋ ಊರಿನ ಛತ್ರದಲ್ಲಿ ಹಾಲಮ್ಮನ ಗಂಡ ಜ್ವರ ಬಂದು ತೀರಿಕೊಂಡಿದ್ದ, ನಾಲ್ಕನೇ ಸುತ್ತಿಗೆ ಮನೆ ಆರಿಸಲು ನಾವು ಮೂವರು ಕಂಪ್ಯೂಟರ್ ಮುಂದೆ ಕೂತ ಹಿಂದಿನ ದಿನ.